ಮುಂಜಾನೆಯ ಹಸಿವಿಗೊಂದು ಉಪಾಯ

ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂಬುದನ್ನು ನಮಗೆ ಯಾವ ಅಧ್ಯಾಪಕರೂ ಕಲಿಸಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಲಿನ ಹಳ್ಳಿಗಳಿಂದ ಮೊದಲ ಬಸ್ಸಿಗೆ ಹೊರಡುವ ನಮ್ಮಲ್ಲಿ ಎಷ್ಟೋ ಜನರು ಬರಿಯ ಚಹಾ ಕುಡಿದು ಕಾಲೇಜಿಗೆ ಬರುತ್ತಾರೆ. ಮೂರನೆಯ ತಾಸಿನ ಹೊತ್ತಿಗೆ ಕಣ್ಣು ಪುಸ್ತಕದ ಮೇಲಿದ್ದರೂ ಮನಸ್ಸು ಬುತ್ತಿಯ ಮೇಲಿರುತ್ತದೆ. ಹಾಗೆಂದು ನಸುಕಿನಲ್ಲೇ ಒಲೆ ಹಚ್ಚೆಂದು ತಾಯಿಯನ್ನು ಪೀಡಿಸುವುದು ನ್ಯಾಯವೇ? ರಾತ್ರಿಯೇ ಸಿದ್ಧಮಾಡಿಡಬಹುದಾದ, ಒಲೆಯ ಹಂಗಿಲ್ಲದ ನಾಷ್ಟಾ ಒಂದಿದೆ. ಅದೇ ಚಿಯಾ ಬೀಜದ ಹಣ್ಣಿನ ಪುಡಿಂಗ್.

ಚಿಯಾ ನಮ್ಮ ನೆಲದ ಬೆಳೆಯಲ್ಲ. ಮೆಕ್ಸಿಕೊ ಮತ್ತು ಗ್ವಾಟೆಮಾಲಾ ಅದರ ತವರು. ಅಲ್ಲಿಯ ಅಜ್ಟೆಕ್ ಜನರಿಗೆ ಅದು ಮುಖ್ಯ ಆಹಾರಗಳಲ್ಲೊಂದಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಪ್ರೋತ್ಸಾಹದಿಂದ ಈಗ ಆ ಸೀಮೆಯ ರೈತರೂ ಅದನ್ನು ಬೆಳೆಯುತ್ತಿದ್ದಾರೆ. ಶರಬತ್ತಿಗೆ ಹಾಕುವ ಕಾಮಕಸ್ತೂರಿ ಅಥವಾ ಸಬ್ಜಾ ಬೀಜವನ್ನು ಕಂಡವರಿಗೆ ಇದರ ಗುಣ ಹೊಸದೆನಿಸದು. ಎರಡೂ ತುಳಸಿಯ ಕುಟುಂಬಕ್ಕೆ ಸೇರಿದವು. ಬೀಜದ ಹೊರಸಿಪ್ಪೆಯಲ್ಲಿರುವ ನಾರು ನೀರನ್ನು ಹೀರಿ ಲೋಳೆಯಾಗಿ ಉಬ್ಬುತ್ತದೆ. ಬೀಜವು ತನ್ನ ತೂಕದ ಸುಮಾರು 10 ಪಟ್ಟು ನೀರನ್ನು ಹಿಡಿದಿಡುತ್ತದೆ. ಕುದಿಸದೆಯೇ ಪುಡಿಂಗ್ ಗಟ್ಟಿಯಾಗುವ ರಹಸ್ಯವಿದು.

100 ಗ್ರಾಂ ಚಿಯಾದಲ್ಲಿ ಸುಮಾರು 17 ಗ್ರಾಂ ಸಸಾರಜನಕ, 34 ಗ್ರಾಂ ನಾರು ಹಾಗೂ 600 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿರುತ್ತದೆ. ಆದರೆ ನಾವು ಒಮ್ಮೆಗೆ ತಿನ್ನುವುದು 20 ಗ್ರಾಂ ಮಾತ್ರ. ಆದುದರಿಂದ ಬೀಜವೊಂದೇ ಸಾಲದು. ಹಾಲು, ಹಣ್ಣುಗಳು ಜೊತೆಗೂಡಬೇಕು.

ಮಾಡುವ ಕ್ರಮ ಸುಲಭ. ಒಬ್ಬರಿಗೆ ಎರಡು ದೊಡ್ಡ ಚಮಚ ಬೀಜ, ಕಾಯಿಸಿ ಆರಿಸಿದ ಒಂದು ಲೋಟ ಹಾಲು, ರುಚಿಗೆ ತಕ್ಕಷ್ಟು ಬೆಲ್ಲದ ಪುಡಿ. ಚೆನ್ನಾಗಿ ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಬೇಕು. ಮೊದಲ ಸಲ ನಾನು ಈ ಎರಡನೆಯ ಕಲಕುವಿಕೆಯನ್ನು ಅಲಕ್ಷಿಸಿದೆ. ಮುಂಜಾನೆ ನೋಡಿದರೆ ತಳದಲ್ಲಿ ಗಂಟು, ಮೇಲೆ ಬರಿಯ ಹಾಲು! ಬಳಿಕ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಮುಂಜಾನೆ ಬಾಳೆ, ಮಾವು, ಪೇರಲ, ಸೀತಾಫಲ, ಹೀಗೆ ಆಯಾ ಕಾಲದ ಹಣ್ಣನ್ನು ಹೆಚ್ಚಿ ಬೆರೆಸಿದರಾಯಿತು. ಪಪ್ಪಾಯಿ, ಅನಾನಸ್‌ಗಳನ್ನು ಹಾಕಿದರೆ ಕೂಡಲೇ ತಿನ್ನಬೇಕು. ಹೊತ್ತಾದರೆ ಹಾಲು ಕಹಿಯಾಗುತ್ತದೆ.

ಫ್ರಿಜ್ಜಿಲ್ಲದ ಮನೆಯವರು ಏನು ಮಾಡಬೇಕು? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹಾಲನ್ನು ರಾತ್ರಿಯಿಡೀ ಹೊರಗಿಡುವುದು ಅಪಾಯಕರ. ಅಂಥವರು ರಾತ್ರಿ ಬೀಜವನ್ನು ಅಳೆದಿಟ್ಟು, ಎದ್ದೊಡನೆ ಕುದಿಸಿ ಆರಿಸಿದ ಅರ್ಧ ಲೋಟ ನೀರಿನಲ್ಲಿ ನೆನೆಹಾಕಲಿ. ಸ್ನಾನ ಮುಗಿಸಿ ಪುಸ್ತಕ ಜೋಡಿಸಿಕೊಳ್ಳುವ ಅರ್ಧ ತಾಸಿನಲ್ಲಿ ಅದು ಉಬ್ಬಿರುತ್ತದೆ. ಮೇಲೆ ಮೊಸರು, ಹಣ್ಣು ಬೆರೆಸಬಹುದು. ಒಣ ಬೀಜವನ್ನು ಮಾತ್ರ ಎಂದಿಗೂ ನುಂಗಬಾರದು; ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಭಯವಿದೆ.

ಚಿಯಾ ಜೋಳದಷ್ಟು ಅಗ್ಗವಲ್ಲ. ಕೊಳ್ಳಲಾಗದವರು ಮರುಗಬೇಕಾದ ಕಾರಣವೂ ಇಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಉಂಡು ಹೊಲಕ್ಕೆ ಹೋಗುತ್ತಿದ್ದ ನಮ್ಮ ಹಿರಿಯರು ಮುಂಜಾನೆಯ ಊಟದ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಬಟ್ಟಲಲ್ಲಿ ಚಿಯಾ ಇರಲಿ, ನುಚ್ಚಿರಲಿ; ನಾಳೆ ಮೊದಲ ಬಸ್ಸು ಹತ್ತುವ ಗೆಳೆಯ ಗೆಳತಿಯರು ಹಸಿದು ಹೊರಡದಿದ್ದರೆ ಈ ಬರಹ ಸಾರ್ಥಕ.