ಎಚ್‌.ಎನ್‌. ವ್ಯಾಲಿ ನೀರಿಗೆ ಮೂರನೇ ಹಂತ: ಎಲ್ಲಿ, ಎಷ್ಟು?

ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಎರಡು ಹಂತ ದಾಟಿ, ದಪ್ಪ ಪೈಪುಗಳಲ್ಲಿ ಉತ್ತರದ ಕಡೆ ಏರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಂದು ಬೀಳುತ್ತದೆ. ಎಚ್‌.ಎನ್‌. ವ್ಯಾಲಿ ಯೋಜನೆಯ ಗುರಿ ದಿನಕ್ಕೆ 21 ಕೋಟಿ ಲೀಟರ್ ನೀರು, 65 ಕೆರೆಗಳು. ಜಿಲ್ಲಾ ಕೇಂದ್ರದ ಪಕ್ಕದ ಕಂದವಾರ ಕೆರೆಗೆ ಈ ನೀರು ಬಂದಿದೆ. ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯ ಕೆರೆಗಳೂ ಯೋಜನೆಯಲ್ಲಿವೆ. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳು ಕೋಲಾರ ಜಿಲ್ಲೆಗೆಂದು ರೂಪಿಸಿದ ಇಂಥದ್ದೇ ಕೆ.ಸಿ. ವ್ಯಾಲಿ ಯೋಜನೆಯ ಪಟ್ಟಿಯಲ್ಲಿವೆ.

ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದೆ, ಸಿಕ್ಕರೆ ಫ್ಲೋರೈಡ್ ಬೆರೆತ ನೀರು ಕುಡಿಯುತ್ತಿರುವ ಸೀಮೆ ಇದು. ತುಂಬಿದ ಕೆರೆ ಕಂಡರೆ ಇಲ್ಲಿ ಯಾರಿಗೂ ಸಂತೋಷವಾಗುತ್ತದೆ. ಆದರೆ ಕೆರೆ ತುಂಬಿದ ದಿನದಿಂದಲೇ ಒಂದು ಬೇಡಿಕೆಯೂ ಎದ್ದಿದೆ. ಈ ನೀರನ್ನು ಮೂರನೇ ಹಂತದಲ್ಲೂ ಶುದ್ಧೀಕರಿಸಿ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಬೀದಿಯಲ್ಲೂ ನ್ಯಾಯಾಲಯದಲ್ಲೂ ಕೇಳುತ್ತಲೇ ಬಂದಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು. ಸಮಿತಿಯ ಆಂಜನೇಯ ರೆಡ್ಡಿ ಅವರ ಅರ್ಜಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. 2019ರ ಜನವರಿಯಲ್ಲಿ ಸಿಕ್ಕ ತಡೆಯಾಜ್ಞೆ ಬಳಿಕ ತೆರವಾಗಿ ನೀರು ಮತ್ತೆ ಹರಿಯಿತು. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಎರಡು ಹಂತದಲ್ಲಿ ಆಗುವ ಕೆಲಸ ಸಣ್ಣದೇನೂ ಅಲ್ಲ. ಮೊದಲ ಹಂತದಲ್ಲಿ ಗಷ್ಟು ತಳಕ್ಕೆ ಕೂರುತ್ತದೆ. ಎರಡನೇ ಹಂತದಲ್ಲಿ ದೊಡ್ಡ ತೊಟ್ಟಿಗಳಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಾರೆ, ಅವು ಕೊಳೆಯುವ ಪದಾರ್ಥವನ್ನೆಲ್ಲ ತಿಂದು ಮುಗಿಸುತ್ತವೆ. ಹೊರಬರುವ ನೀರಿಗೆ ವಾಸನೆ ಕಡಿಮೆ, ನೋಟಕ್ಕೂ ತಿಳಿ. ಆದರೆ ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕವನ್ನು ತೆಗೆಯಲೆಂದೇ ಕಟ್ಟದ ಘಟಕದಲ್ಲಿ ಅವೆರಡೂ ಬಹುಪಾಲು ಹಾಗೇ ದಾಟಿಬಿಡುತ್ತವೆ. ಪಾಚಿಗೂ ಜೊಂಡಿಗೂ ಬೇಕಾದ ಗೊಬ್ಬರ ಇವೇ.

ಇದೇ ರಂಜಕದ ಜೊತೆ ದಿನವೂ ಗುದ್ದಾಡುವ ಇನ್ನೊಂದು ವರ್ಗವಿದೆ. ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಸಮುದ್ರದ ಜೀವಿಗಳನ್ನು ಸಾಕುವವರದು. ಮೀನಿಗೆ ಹಾಕುವ ಆಹಾರದಿಂದ ರಂಜಕ ಸೇರಿ ಗಾಜಿಗೆಲ್ಲ ಪಾಚಿ ಕಟ್ಟಿದಾಗ ಅವರು ‘ಮೀಡಿಯಾ ರಿಯಾಕ್ಟರ್’ ಕೂಡಿಸಬೇಕೇ ಬೇಡವೇ ಎಂದು ಯೋಚಿಸುತ್ತಾರೆ. ಮೊಳಕೈ ಉದ್ದದ ಪಾರದರ್ಶಕ ಕೊಳವೆ, ಒಳಗೆ ತುಕ್ಕಿನ ಬಣ್ಣದ ಹರಳು, ಕೆಳಗಿನಿಂದ ಸಣ್ಣ ಪಂಪು ನೂಕುವ ನೀರು. ನೀರಿನ ರಭಸಕ್ಕೆ ಹರಳುಗಳು ಮೆಲ್ಲಗೆ ಉರುಳಾಡುತ್ತವೆ. ಅವು ಕಬ್ಬಿಣದ ಆಕ್ಸೈಡಿನವು. ಹಾದುಹೋಗುವ ಫಾಸ್ಫೇಟ್ ಅವಕ್ಕೆ ಅಂಟಿಕೊಳ್ಳುತ್ತದೆ. ಹರಳು ತುಂಬಿಹೋದ ಮೇಲೆ ನೀರು ಹಾಯುತ್ತಲೇ ಇರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪರೀಕ್ಷೆಯಿಂದ: ಸಣ್ಣ ಸೀಸೆಯಲ್ಲಿ ನೀರು ಹಿಡಿದು ರಾಸಾಯನಿಕ ಬೆರೆಸಿದರೆ ಬಣ್ಣ ನೀಲಿಗೆ ತಿರುಗುತ್ತದೆ, ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ಕೆರೆ ನೀರಿನ ಫಾಸ್ಫೇಟ್ ಅಳೆಯುವ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದೂ ಇದೇ ನೀಲಿ ಬಣ್ಣವನ್ನು.

ಅನುಭವಸ್ಥರು ಹೊಸಬರಿಗೆ ಹೇಳುವುದು ಮೂರು ಮಾತು. ಮೊದಲು ಅಳೆ. ರಂಜಕ ಎಲ್ಲಿಂದ ಬರುತ್ತಿದೆ ನೋಡು. ಹರಳು ಬದಲಿಸುವ ಖರ್ಚನ್ನು ಮೊದಲೇ ಎತ್ತಿಡು. ನೂರು ಲೀಟರಿನ ತೊಟ್ಟಿಗೆ ಹೇಳುವ ಈ ಮಾತು 21 ಕೋಟಿ ಲೀಟರಿಗೂ ಸಲ್ಲುತ್ತದೆ.

ರಂಜಕ ಅಷ್ಟು ಮುಖ್ಯವೇ ಎಂಬ ಅನುಮಾನಕ್ಕೆ ಕೆನಡಾದ ಒಂದು ಕೆರೆ ಉತ್ತರ ಕೊಟ್ಟಿದೆ. ಒಂಟಾರಿಯೊ ಪ್ರಾಂತ್ಯದ ಸಂಶೋಧನಾ ಕೆರೆಗಳಲ್ಲಿ 226ನೇ ಸಂಖ್ಯೆಯದಕ್ಕೆ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ನಡುವೆ ಪರದೆ ಕಟ್ಟಿದರು. ಒಂದು ಕಡೆಗೆ ಇಂಗಾಲ, ಸಾರಜನಕ ಮಾತ್ರ ಹಾಕಿದರು. ಇನ್ನೊಂದು ಕಡೆಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಚಿತ್ರ ಕೆರೆ ವಿಜ್ಞಾನದ ಪಠ್ಯಗಳಲ್ಲಿ ಇಂದಿಗೂ ಇದೆ.

ಈಗ ನಮ್ಮ ಲೆಕ್ಕ. ಲೀಟರಿಗೆ 0.1 ಮಿಲಿಗ್ರಾಂ ರಂಜಕ ದಾಟಿದ ಕೆರೆಯನ್ನು ತಜ್ಞರು ಪೋಷಕಾಂಶ ಮಿತಿಮೀರಿದ ಕೆರೆಗಳ ಕೊನೆಯ ದರ್ಜೆಗೆ ಸೇರಿಸುತ್ತಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ ದೊಡ್ಡ ನಗರಗಳ ಘಟಕಗಳಿಗೆ ಒಪ್ಪಿದ ಮಿತಿ ಒಟ್ಟು ರಂಜಕ 1 ಮಿಲಿಗ್ರಾಂ, ಒಟ್ಟು ಸಾರಜನಕ 10 ಮಿಲಿಗ್ರಾಂ. ಅಂದರೆ ನಿಯಮ ಚಾಚೂ ತಪ್ಪದೆ ಪಾಲಿಸಿದ ನೀರಿನಲ್ಲೂ ಕೆರೆ ತಾಳುವುದಕ್ಕಿಂತ ಹತ್ತು ಪಟ್ಟು ರಂಜಕ ಇರಬಹುದು. 21 ಕೋಟಿ ಲೀಟರಿಗೆ ಗುಣಿಸಿದರೆ ದಿನಕ್ಕೆ 210 ಕಿಲೊ, ವರ್ಷಕ್ಕೆ 76 ಟನ್ನಿಗೂ ಹೆಚ್ಚು. ಕೆರೆಯ ಮೇಲೆ ಅಂತರಗಂಗೆ ಹರಡಿದರೆ ಯಂತ್ರ ಇಳಿಸಿ ತೆಗೆಸುವುದು ಸರಿಯೇ. ಆದರೆ ಗೊಬ್ಬರ ಬರುವುದು ನಿಲ್ಲದಿದ್ದರೆ ಅದು ಮತ್ತೆ ಚಿಗುರುತ್ತದೆ.

ಈ ನೀರು ರೈತನಿಗೆ ವರವಲ್ಲವೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೋ ಗೌರಿಬಿದನೂರಿನ ಮೆಕ್ಕೆಜೋಳಕ್ಕೋ ನೇರವಾಗಿ ಹಾಯಿಸಿದರೆ ಸಾರಜನಕ, ರಂಜಕ ಎರಡೂ ಬೆಳೆಯ ಪಾಲಾಗುತ್ತವೆ. ಆದರೆ ಯೋಜನೆಯ ಉದ್ದೇಶವೇ ಬೇರೆ. ನೀರು ಕೆರೆಯಲ್ಲಿ ನಿಂತು ಇಂಗಿ, ಕೊಳವೆಬಾವಿಗಳಿಗೆ ಮರುಜೀವ ಕೊಡಬೇಕು. ಆ ಕೊಳವೆಬಾವಿಗಳಿಂದಲೇ ಊರು ಕುಡಿಯುತ್ತದೆ.

ಇಲ್ಲಿ ಈ ನೆಲದ ಮಣ್ಣು ಒಂದು ದೊಡ್ಡ ಉಪಕಾರ ಮಾಡುತ್ತಿದೆ. ಬಯಲುಸೀಮೆಯ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಕ್ವೇರಿಯಂನ ಕೊಳವೆಯಲ್ಲಿ ಉರುಳುವ ಹರಳಿನ ಜಾತಿಯದೇ. ಇಂಗುವ ನೀರಿನ ಫಾಸ್ಫೇಟನ್ನು ಅದು ಹಿಡಿದಿಡುತ್ತದೆ. ಆದರೆ ಕೆರೆಯ ತಳದಲ್ಲಿ ಪಾಚಿ ಕೊಳೆತು ಆಮ್ಲಜನಕ ಮುಗಿದರೆ ಕಬ್ಬಿಣ ತನ್ನ ಹಿಡಿತ ಬಿಡುತ್ತದೆ, ಹೂಳಿನಲ್ಲಿ ಕೂತಿದ್ದ ರಂಜಕ ಮತ್ತೆ ನೀರಿಗೆ ಬರುತ್ತದೆ. ನೈಟ್ರೇಟಿನ ಕಥೆ ಇನ್ನೂ ಕಷ್ಟದ್ದು. ಅದು ಮಣ್ಣಿಗೆ ಅಂಟುವುದೇ ಇಲ್ಲ, ನೀರಿನೊಂದಿಗೆ ಸಲೀಸಾಗಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಫ್ಲೋರೈಡ್ ಕಾಟಕ್ಕೆ ಆಗಲೇ ಸಿಕ್ಕಿಬಿದ್ದಿರುವ ಹಳ್ಳಿಗಳಿಗೆ ಎರಡನೆಯ ಕಾಟ ಸೇರಬಾರದು.

ಆದ್ದರಿಂದ ‘ಮೂರನೇ ಹಂತ’ ಎಂದಷ್ಟೇ ಕೂಗಿದರೆ ಸಾಲದು, ಯಾವುದನ್ನು ತೆಗೆಯುವ ಹಂತ ಎಂದು ಕೇಳಬೇಕು. ಮರಳಿನ ಶೋಧಕ ಕೂಡಿಸಿ ಕ್ಲೋರಿನ್ ಹಾಕಿದರೂ ಕಾಗದದಲ್ಲಿ ಅದು ಮೂರನೇ ಹಂತವೇ. ಅದರಿಂದ ತೇಲುವ ಕಣ ಹೋಗುತ್ತದೆ, ರೋಗಾಣು ಸಾಯುತ್ತದೆ. ಕರಗಿದ ರಂಜಕಕ್ಕೆ ಕಬ್ಬಿಣ ಅಥವಾ ಅಲ್ಯುಮಿನಿಯಂ ಲವಣ ಬೆರೆಸಿ ಗಟ್ಟಿಯಾಗಿಸಿ ಸೋಸಬೇಕು. ನೈಟ್ರೇಟಿಗೆ ಬೇಕಾದದ್ದು ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ. ಔಷಧಿ, ಕೀಟನಾಶಕಗಳ ಸೂಕ್ಷ್ಮ ಅಂಶಗಳಿಗೆ ಸಕ್ರಿಯ ಇಂಗಾಲ. ಒಂದೊಂದಕ್ಕೂ ಬೇರೆ ಖರ್ಚು, ಬೇರೆ ನಿರ್ವಹಣೆ.

ಇದು ಕೈಲಾಗದ ಕೆಲಸವೂ ಅಲ್ಲ. ಬರ್ಲಿನ್ ನಗರದ ಟೆಗೆಲ್ ಸರೋವರಕ್ಕೂ ಸಂಸ್ಕರಿಸಿದ ಕೊಳಚೆ ನೀರೇ ಹರಿಯುತ್ತಿತ್ತು, ಸರೋವರದ ದಂಡೆಯ ಬಾವಿಗಳಿಂದಲೇ ನಗರ ಕುಡಿಯುವ ನೀರು ಎತ್ತುತ್ತಿತ್ತು. ಪಾಚಿ ಹೆಚ್ಚಿದಾಗ ಅಲ್ಲಿನವರು ನೀರು ಸರೋವರ ಸೇರುವ ಬಾಯಿಯಲ್ಲೇ 1985ರಲ್ಲಿ ರಂಜಕ ತೆಗೆಯುವ ಘಟಕ ಕಟ್ಟಿದರು. ಕಬ್ಬಿಣದ ಲವಣ ಬೆರೆಸಿ ಸೋಸುವ ಆ ಘಟಕ ಬಂದ ಮೇಲೆ ಸರೋವರದ ರಂಜಕ ಇಳಿದು ನೀರು ತಿಳಿಯಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಯಲಹಂಕದಲ್ಲಿ ಬೆಂಗಳೂರು ಜಲಮಂಡಳಿಗೆ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಮೂರನೇ ಹಂತದ ಘಟಕವಿದೆ. ಅದರ ನೀರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ತೋಟಕ್ಕೂ ಯಂತ್ರಕ್ಕೂ ಬಳಸುವ ನೀರಿಗೆ ಮೂರು ಹಂತ, ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಅಂತರ್ಜಲ ಸೇರುವ ನೀರಿಗೆ ಎರಡು ಹಂತ. ಜಿಲ್ಲೆಯ ಜನ ಇದನ್ನು ಅನ್ಯಾಯ ಎಂದರೆ ತಪ್ಪು ಹುಡುಕಲಾಗದು.

ಘಟಕ ಎಲ್ಲಿರಬೇಕು ಎಂಬುದಕ್ಕೂ ಉತ್ತರ ಕಷ್ಟವಲ್ಲ. ಹತ್ತಾರು ಕೆರೆಗಳ ಬಾಯಿಗೆ ಒಂದೊಂದು ಸಣ್ಣ ಘಟಕ ಕೂಡಿಸಿದರೆ ಅವುಗಳ ಗತಿ ಏನಾಗುತ್ತದೆ ಎಂಬುದನ್ನು ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳೇ ತೋರಿಸಿವೆ. ಉದ್ಘಾಟನೆ ಜೋರು, ಆಮೇಲೆ ಮೆಂಬ್ರೇನ್ ಬದಲಿಸಲು ದುಡ್ಡಿಲ್ಲ ಎಂದು ಬೀಗ. ನೀರನ್ನು ಪೈಪಿಗೆ ಬಿಡುವ ಮುಂಚೆ, ಬೆಂಗಳೂರಿನ ತುದಿಯಲ್ಲೇ ಮೂರನೇ ಹಂತ ಆಗಬೇಕು. ಅಲ್ಲಿ ವಿದ್ಯುತ್ತಿದೆ, ಎಂಜಿನಿಯರುಗಳಿದ್ದಾರೆ, ಹೊಣೆ ಹೊರಬೇಕಾದವರೂ ಅಲ್ಲೇ ಇದ್ದಾರೆ. ಖರ್ಚು ನೀರು ಕೊಳಕು ಮಾಡಿದ ನಗರದ್ದು, ಪಡೆಯುವ ರೈತನದ್ದಲ್ಲ.

ಅದಕ್ಕೆ ವರ್ಷಗಳು ಹಿಡಿಯಬಹುದು. ಅಳತೆ ಶುರುಮಾಡಲು ಅಷ್ಟು ಕಾಯಬೇಕಿಲ್ಲ. ಕೆರೆಗೆ ಬೀಳುವ ನೀರಿನಲ್ಲಿ ಫಾಸ್ಫೇಟ್, ನೈಟ್ರೇಟ್ ಎಷ್ಟು, ಕೆರೆಯಂಗಳದ ಪಕ್ಕದ ಕೊಳವೆಬಾವಿಯಲ್ಲಿ ಎಷ್ಟು ಎಂಬ ಅಂಕಿಗಳನ್ನು ತಿಂಗಳಿಗೊಮ್ಮೆ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಹಾಕುವಂತೆ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.