ತಂತ್ರಾಂಶ ವಿದ್ಯಾರ್ಥಿಯ ಒಂದು ವರ್ಷ: ಸಣ್ಣ ಉದ್ದಿಮೆಯ ಲೆಕ್ಕದಲ್ಲಿ

ಸಣ್ಣ ಕಾರ್ಖಾನೆಯೊಂದರ ದಾಸ್ತಾನು ಪಟ್ಟಿಯಲ್ಲಿ ಒಂದೇ ಬೋಲ್ಟು ಮೂರು ಹೆಸರುಗಳಲ್ಲಿ ಇರುವುದು ಅಪರೂಪದ ಸಂಗತಿಯಲ್ಲ. ಒಮ್ಮೆ ‘ಎಂ-10 ಬೋಲ್ಟ್’, ಇನ್ನೊಮ್ಮೆ ‘ಬೋಲ್ಟ್ 10 ಎಂ.ಎಂ.’, ಮತ್ತೊಮ್ಮೆ ಸರಬರಾಜುದಾರನ ಬಿಲ್ಲಿನಲ್ಲಿದ್ದ ಸಂಕೇತ. ಮೂರೂ ಒಂದೇ ಎಂಬುದು ಸ್ಟೋರ್‌ಕೀಪರನಿಗೆ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಹೀಗಾಗಿ ಕಪಾಟಿನಲ್ಲಿ ಮಾಲು ತುಂಬಿರುವಾಗಲೇ ಹೊಸ ಖರೀದಿ ಆದೇಶ ಹೊರಡುತ್ತದೆ. ನಾಲ್ಕು ವಾರಗಳ ಇಂಟರ್ನ್‌ಶಿಪ್‌ಗೆ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಈ ದೋಷ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ಅವಧಿ ಮುಗಿದಿರುತ್ತದೆ. ಒಂದು ವರ್ಷ ಉಳಿದವನು ಮಾತ್ರ ಅದನ್ನು ಕಂಡು, ಸರಿಪಡಿಸಿ, ಸರಿಪಡಿಸಿದ್ದು ಮಾರ್ಚ್ 31ರ ದಾಸ್ತಾನು ಎಣಿಕೆಗೆ ತಾಳೆಯಾಗುವುದನ್ನೂ ನೋಡಬಲ್ಲ.

ವ್ಯಾಸಂಗದ ನಡುವೆ ಕೆಲಸದ ಅವಧಿಯನ್ನು ಸೇರಿಸುವ ಕ್ರಮ ಹೊಸದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಇದನ್ನು 1906ರಲ್ಲಿ ಆರಂಭಿಸಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ಪದ್ಧತಿಯ ಮೇಲೆ ಬೆಳೆಯಿತು. ಬ್ರಿಟನ್ನಿನ ಗಣಕ ವಿಜ್ಞಾನ ಪದವಿಗಳಲ್ಲಿ ಎರಡನೆಯ ಮತ್ತು ಅಂತಿಮ ವರ್ಷಗಳ ನಡುವೆ ಒಂದು ಪೂರ್ಣ ವರ್ಷ ಉದ್ಯಮದಲ್ಲಿ ಕಳೆಯುವ ‘ಸ್ಯಾಂಡ್‌ವಿಚ್’ ಕ್ರಮ ಈಗಲೂ ಸಾಮಾನ್ಯ. ಇಂಗ್ಲೆಂಡಿನಲ್ಲಿ ಆ ವರ್ಷದ ಬೋಧನಾ ಶುಲ್ಕ ಗರಿಷ್ಠ ಶುಲ್ಕದ ಐದನೆಯ ಒಂದು ಭಾಗವನ್ನು ಮೀರುವಂತಿಲ್ಲ. ಪಠ್ಯಕ್ರಮದ ಭಾಗವಾಗಿ ಒಂದು ವರ್ಷ ಮೀರದಂತೆ ಕೆಲಸ ಮಾಡುವ ವಿದ್ಯಾರ್ಥಿಗೆ ಅಲ್ಲಿನ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ. ಹಾಗಿದ್ದರೂ ತಂತ್ರಾಂಶ ಕಂಪನಿಗಳು ಸಾಮಾನ್ಯವಾಗಿ ಸಂಬಳ ಕೊಟ್ಟೇ ಕರೆದುಕೊಳ್ಳುತ್ತವೆ.

ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಆರಂಭಿಸಿತು. ಕೊಯಮತ್ತೂರಿನ ಪಿಎಸ್‌ಜಿ ತಾಂತ್ರಿಕ ಕಾಲೇಜು ಐದು ವರ್ಷಗಳ ಸ್ಯಾಂಡ್‌ವಿಚ್ ಬಿ.ಇ. ನಡೆಸುತ್ತ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮ ಅಂತಿಮ ವರ್ಷದ ಒಂದು ಸೆಮಿಸ್ಟರನ್ನು ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿದೆ. ಆದರೆ ಪೂರ್ಣ ಒಂದು ವರ್ಷದ ತರಬೇತಿಗೆ ಸಣ್ಣ ಉದ್ದಿಮೆದಾರನ ಕೈಗೆಟುಕುವ ದಾರಿಯೆಂದರೆ 1961ರ ಅಪ್ರೆಂಟಿಸ್ ಕಾಯಿದೆಯೇ. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದರು. ದಕ್ಷಿಣ ರಾಜ್ಯಗಳಿಗೆ ಈ ಕಾರ್ಯವನ್ನು ಚೆನ್ನೈನಲ್ಲಿರುವ ಅಪ್ರೆಂಟಿಸ್ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ.

ಕಾಯಿದೆ ತಮ್ಮನ್ನು ಮುಟ್ಟುವುದಿಲ್ಲವೆಂದು ಅನೇಕ ಉದ್ದಿಮೆದಾರರು ಭಾವಿಸಿದ್ದಾರೆ. ಇದು ತಪ್ಪು. 2019ರ ನಿಯಮ ತಿದ್ದುಪಡಿಯ ನಂತರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಎಣಿಸಿ, ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವಲ್ಲಿ ಅದು ಐಚ್ಛಿಕ. ಈ ಕಡ್ಡಾಯವನ್ನು ಲೇತ್ ಮತ್ತು ವೆಲ್ಡಿಂಗ್ ವಿಭಾಗದಲ್ಲಿಯೇ ಪೂರೈಸಬೇಕೆಂದಿಲ್ಲ. ಗಣಕ ವಿಜ್ಞಾನದ ಪದವೀಧರನೂ ಲೆಕ್ಕಕ್ಕೆ ಬರುತ್ತಾನೆ.

ಹಣದ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿ 34 ಜನರ ಒಂದು ಮಷೀನ್ ಶಾಪ್ ಇದೆಯೆಂದು ಭಾವಿಸೋಣ. ಫೌಂಡ್ರಿಯಿಂದ ಬಂದ ಎರಕವನ್ನು ಕೊರೆದು, ತಿರುವಿ, ಹೈಡ್ರಾಲಿಕ್ ಬಿಡಿಭಾಗಗಳನ್ನು ಮಾಡಿಕೊಡುವುದು ಅದರ ಕೆಲಸ. ಜಾಬ್ ಕಾರ್ಡುಗಳು ಕಾಗದದ ಮೇಲಿವೆ, ತಿರಸ್ಕೃತ ಮಾಲಿನ ಲೆಕ್ಕ ಮೇಲ್ವಿಚಾರಕನ ಡೈರಿಯಲ್ಲಿದೆ. ಮಾಲೀಕರು ಒಬ್ಬ ಪದವೀಧರ ಅಪ್ರೆಂಟಿಸ್‌ನನ್ನು ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತಾರೆ.

2019ರ ದರದಂತೆ ಪದವೀಧರನಿಗೆ ಕನಿಷ್ಠ ಶಿಷ್ಯವೇತನ ತಿಂಗಳಿಗೆ 9,000 ರೂಪಾಯಿ, ವರ್ಷಕ್ಕೆ 1,08,000. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಷರತ್ತುಗಳಿಗೆ ಒಳಪಟ್ಟು ಕನಿಷ್ಠ ದರದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹೀಗೆ ಮಾಲೀಕರ ಪಾಲು 54,000. ದರವನ್ನು ಏರಿಸುವಂತೆ ಕೇಂದ್ರ ಅಪ್ರೆಂಟಿಸ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಕರಾರಿಗೆ ಸಹಿ ಹಾಕುವ ದಿನದ ದರವನ್ನು ನೋಡಿಕೊಂಡೇ ಮುಂದುವರಿಯಬೇಕು.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಅಗ್ಗದ ಕೈ ಸಿಕ್ಕಿತೆಂದುಕೊಳ್ಳುತ್ತಾರೆ. ನಿಜವಾದ ಖರ್ಚು ಬೇರೆಡೆ ಇದೆ. ವಿದ್ಯಾರ್ಥಿಗೆ ದಿನಕ್ಕೆ ಒಂದು ಗಂಟೆ ಹಿರಿಯರೊಬ್ಬರು ಕೊಡದಿದ್ದರೆ ಅವನು ಕಲಿಯುವುದಿಲ್ಲ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 300 ಗಂಟೆ. ಆ ಹಿರಿಯರ ಸಮಯದ ಬೆಲೆ ಗಂಟೆಗೆ 400 ರೂಪಾಯಿ ಎಂದಿಟ್ಟುಕೊಂಡರೂ 1,20,000 ಆಗುತ್ತದೆ. ಗಣಕಯಂತ್ರಕ್ಕೆ 45,000 ಸೇರಿಸಿದರೆ ಒಟ್ಟು 2,19,000. ಇದರಲ್ಲಿ ಶಿಷ್ಯವೇತನ ಕಾಲುಭಾಗಕ್ಕಿಂತ ಕಡಿಮೆ. ಹಿರಿಯರ ಗಂಟೆಯನ್ನು ಉಳಿಸಲು ಹೋದವರು ಉಳಿದ 99,000 ರೂಪಾಯಿಯನ್ನೂ ನೀರಿಗೆ ಹಾಕಿದಂತಾಗುತ್ತದೆ.

ಭವಿಷ್ಯನಿಧಿ ಮತ್ತು ಇ.ಎಸ್.ಐ. ವಿಷಯದಲ್ಲಿ ಹೊರೆಯಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ‘ನೌಕರ’ ಎಂಬ ವ್ಯಾಖ್ಯೆಯಿಂದ ಅಪ್ರೆಂಟಿಸ್ ಕಾಯಿದೆಯಡಿ ತೆಗೆದುಕೊಂಡವರನ್ನು ಹೊರಗಿಡಲಾಗಿದೆ. ಈ ವಿನಾಯಿತಿ ದೊರೆಯುವುದು ಕಾಯಿದೆಯಡಿ ನೋಂದಾಯಿತ ಕರಾರು ಇದ್ದವರಿಗೆ ಮಾತ್ರ. ಪರಿಚಯದವರ ಮಗನೆಂದು ಕರೆತಂದು, ‘ಟ್ರೈನಿ’ ಎಂದು ಹೆಸರಿಟ್ಟು, ವೋಚರ್ ಮೇಲೆ ಹಣ ಕೊಟ್ಟರೆ ತಪಾಸಣೆಯ ದಿನ ಆ ಹೆಸರು ನೆರವಿಗೆ ಬರುವುದಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಅಪ್ರೆಂಟಿಸ್‌ನ ವಿಷಯದಲ್ಲಿಯೂ ಉದ್ದಿಮೆದಾರನದೇ. ತಂತ್ರಾಂಶ ಬರೆಯುವವನು ಮೇಜು ಬಿಟ್ಟು ಏಳುವುದಿಲ್ಲವೆಂಬ ಧೈರ್ಯ ಬೇಡ. ಜಾಬ್ ಕಾರ್ಡಿನ ವ್ಯವಸ್ಥೆಯನ್ನು ಬರೆಯಬೇಕಾದವನು ಯಂತ್ರದ ಪಕ್ಕ ನಿಲ್ಲಲೇಬೇಕು.

ತಂತ್ರಾಂಶ ಯಾರದು?

ವಿವಾದ ಹುಟ್ಟುವುದು ಸಾಮಾನ್ಯವಾಗಿ ಹದಿಮೂರನೆಯ ತಿಂಗಳಿನಲ್ಲಿ. ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿದೆ. ಅವನು ಬರೆದ ವ್ಯವಸ್ಥೆ ಅವನ ಸ್ವಂತ ಲ್ಯಾಪ್‌ಟಾಪಿನಲ್ಲಿದೆ, ಸರ್ವರಿನ ಪಾಸ್‌ವರ್ಡ್ ಅವನ ಸ್ವಂತ ಇ-ಮೇಲಿಗೆ ಕಟ್ಟಿಕೊಂಡಿದೆ. ಜಾಬ್ ಕಾರ್ಡ್ ಮುದ್ರಣ ನಿಂತ ದಿನ ಮಾಲೀಕರು ಅವನಿಗೆ ದೂರವಾಣಿ ಮಾಡುತ್ತಾರೆ, ಮೊದಲ ವಾರ ಉತ್ತರ ಬರುತ್ತದೆ.

1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಗಣಕಯಂತ್ರದ ಪ್ರೋಗ್ರಾಮು ಸಾಹಿತ್ಯ ಕೃತಿಯೆಂದೇ ಪರಿಗಣಿತ. ಅದರ 17ನೆಯ ಕಲಮಿನ ಪ್ರಕಾರ ಸೇವಾ ಕರಾರಿನ ಅಥವಾ ಅಪ್ರೆಂಟಿಸ್ ಕರಾರಿನ ಅಡಿಯಲ್ಲಿ ಕೆಲಸದ ಭಾಗವಾಗಿ ರಚಿಸಿದ ಕೃತಿಗೆ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಉದ್ದಿಮೆದಾರನೇ ಮೊದಲ ಸ್ವಾಮಿ. ‘ಅಪ್ರೆಂಟಿಸ್’ ಎಂಬ ಪದ ಕಲಮಿನಲ್ಲಿಯೇ ಇದೆ. ಕರಾರಿಲ್ಲದ ಇಂಟರ್ನ್ ಬರೆದ ತಂತ್ರಾಂಶಕ್ಕೆ ಈ ಭರವಸೆ ಇಲ್ಲ. ಅಲ್ಲಿ ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕಾಗುತ್ತದೆ. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷಕ್ಕೆ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ 19ನೆಯ ಕಲಮು ಭಾವಿಸಿಕೊಳ್ಳುತ್ತದೆ. ರಫ್ತು ಮಾಡುವವರು ಈ ಕೊನೆಯ ಮಾತನ್ನು ಎರಡು ಸಲ ಓದುವುದು ಒಳ್ಳೆಯದು.

ಸ್ವಾಮ್ಯ ಕಾಗದದ ಮೇಲಿದ್ದರೆ ಸಾಲದು, ವಸ್ತುವೂ ಕೈಯಲ್ಲಿರಬೇಕು. ಮೂಲ ಸಂಕೇತ ಮೊದಲ ದಿನದಿಂದಲೇ ಸಂಸ್ಥೆಯ ಹೆಸರಿನ ಖಾತೆಯಲ್ಲಿ, ಗಿಟ್‌ನಂಥ ಆವೃತ್ತಿ ನಿಯಂತ್ರಣದಲ್ಲಿ ಇರಬೇಕು. ಯಾರು ಯಾವ ದಿನ ಏನನ್ನು ಬದಲಿಸಿದರೆಂಬುದನ್ನು ಕಿರ್ದಿ ಪುಸ್ತಕದಂತೆ ಅದು ಬರೆದಿಡುತ್ತದೆ. ಗ್ರಾಹಕರ ನಕ್ಷೆಗಳನ್ನೂ ದರಪಟ್ಟಿಯನ್ನೂ ಹೊರಗಿನ ಕೃತಕ ಬುದ್ಧಿಮತ್ತೆಯ ಸೇವೆಗಳಿಗೆ ಅಂಟಿಸಬಾರದೆಂಬ ಷರತ್ತು ಈಗ ಕರಾರಿನಲ್ಲಿರಲೇಬೇಕು.

ಒಂದು ಕೆಲಸವನ್ನಂತೂ ವಿದ್ಯಾರ್ಥಿಗೆ ವಹಿಸಬಾರದು. ಅದು ಲೆಕ್ಕಪತ್ರದ ತಂತ್ರಾಂಶ. 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶ ಪ್ರತಿ ವ್ಯವಹಾರದ ಪ್ರತಿ ಬದಲಾವಣೆಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಾಗಬಾರದು. ಲೆಕ್ಕಪರಿಶೋಧಕರು ಇದನ್ನು ತಮ್ಮ ವರದಿಯಲ್ಲಿ ಹೇಳಲೇಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮವಿಲ್ಲವಾದರೂ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವುದನ್ನು ಮತ್ತೆ ಬರೆಯಿಸುವುದರಲ್ಲಿ ಅರ್ಥವಿಲ್ಲ. ಉಪಕರಣಗಳ ಸವೆತ, ಎರಕದ ಹೀಟ್ ನಂಬರು, ತಿರಸ್ಕೃತ ಮಾಲಿನ ಕಾರಣ, ಇವು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ.

ವಿದ್ಯಾರ್ಥಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಕಾಲೇಜಿನ ಪ್ರಾಜೆಕ್ಟು ಪ್ರದರ್ಶನದ ದಿನ ಓಡಿದರೆ ಸಾಕು, ಅಂಕ ಬರುತ್ತದೆ. ಮಷೀನ್ ಶಾಪಿನ ಪ್ರೋಗ್ರಾಮು ಎರಡನೆಯ ಪಾಳಿಯಲ್ಲಿ, ವಿದ್ಯುತ್ ಹೋಗಿ ಬಂದ ಮೇಲೆ, ಎಣ್ಣೆಗೈಯಲ್ಲಿ ಒತ್ತುವವನ ಎದುರು ಓಡಬೇಕು. ತಾನು ಮೂರು ತಿಂಗಳ ಹಿಂದೆ ಬರೆದದ್ದು ತನಗೇ ಅರ್ಥವಾಗದ ಅನುಭವ ಅವನಿಗೆ ಇಲ್ಲಿ ಮೊದಲ ಸಲ ಆಗುತ್ತದೆ. ಇದನ್ನು ಕಲಿಯಲೆಂದೇ ಬಂದವನನ್ನು ಬಿಲ್ಲು ಬೆರಳಚ್ಚು ಮಾಡಲು, ಬ್ಯಾಂಕಿಗೆ ಚೆಕ್ ಒಯ್ಯಲು ಕೂರಿಸಿದರೆ ಅವನ ಜೀವನದ ಒಂದು ವರ್ಷ ಹೋದಂತೆಯೇ. ಅಧಿಕಾವಧಿ ಕೆಲಸವನ್ನೂ ಕಾಯಿದೆ ನಿಷೇಧಿಸಿದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರು ಒಪ್ಪಿದರೆ ಮಾತ್ರ ಅವಕಾಶ.

ಆರಂಭಿಸುವ ತಿಂಗಳನ್ನು ಯೋಚಿಸಿ ಆರಿಸಬೇಕು. ಆಗಸ್ಟಿನಲ್ಲಿ ಬಂದವನಿಗೆ ಮೊದಲ ಎರಡು ತಿಂಗಳು ಯಂತ್ರ, ಮಾಲು ಮತ್ತು ಜನರನ್ನು ಅರಿಯಲು ಸಿಗುತ್ತದೆ. ಆಯುಧಪೂಜೆಯ ನಂತರ ಬರೆಯಲು ಕುಳಿತರೆ ಜನವರಿಗೆ ಮೊದಲ ರೂಪ ಬಳಕೆಗೆ ಬರುತ್ತದೆ. ಮಾರ್ಚ್ 31ರ ದಾಸ್ತಾನು ಎಣಿಕೆ ಎಂಟನೆಯ ತಿಂಗಳಿಗೆ ಬೀಳುತ್ತದೆ. ಅಲ್ಲಿ ತಾಳೆಯಾಗದ ಸಾಲುಗಳನ್ನು ಸರಿಪಡಿಸಲು ಇನ್ನೂ ನಾಲ್ಕು ತಿಂಗಳು ಉಳಿದಿರುತ್ತವೆ. ಕೊನೆಯ ಆರು ವಾರಗಳಲ್ಲಿ ಹೊಸದೇನನ್ನೂ ಬರೆಯಿಸದೆ, ಸ್ಟೋರ್‌ಕೀಪರನೂ ಮೇಲ್ವಿಚಾರಕನೂ ಅವನ ನೆರವಿಲ್ಲದೆ ವ್ಯವಸ್ಥೆಯನ್ನು ನಡೆಸುವಂತೆ ಬಿಟ್ಟು, ಅವರು ಎಡವಿದ ಪ್ರತಿಯೊಂದು ಜಾಗವನ್ನೂ ಅವನಿಂದ ಕನ್ನಡದಲ್ಲಿ ಬರೆಸಿ ಕಡತದಲ್ಲಿ ಇಡಬೇಕು.