ಮರವೇರುವ ಮೆಟ್ಟಲಿನ ವೃತ್ತಾಂತ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯ ಹೊಲಗಳಲ್ಲಿ ಮುಸುಕಿನ ಜೋಳ ತೆನೆಗಟ್ಟುವ ಕಾಲಕ್ಕೆ, ಹುಣಸೆಯದೋ ಹೊಂಗೆಯದೋ ಆಲದ್ದೋ ಒಂದು ಮರದ ಕವೆಯಲ್ಲಿ ನಾಲ್ಕಾರು ಗಳಗಳನ್ನು ಅಡ್ಡಹಾಸಿ, ಮೇಲೆ ಹುಲ್ಲು ಹೊದಿಸಿ, ರಾತ್ರಿಯ ಕಾವಲಿಗೆಂದು ಕಟ್ಟಿದ ಅಟ್ಟಣೆ ಕಾಣಿಸಿಕೊಳ್ಳುವುದು ಈ ಸೀಮೆಯ ಒಕ್ಕಲುತನಕ್ಕೆ ಹೊಸದೇನೂ ಅಲ್ಲ. ಮೂಡಲಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು, ಪಡುವಲಿಗೆ ಗುಂಡ್ಲುಪೇಟೆಯನ್ನು ದಾಟಿದರೆ ಬಂಡೀಪುರದ ಅಡವಿ. ಈ ಎರಡು ವನರಾಶಿಗಳ ನಡುವೆ ಬೇಸಾಯ ಮಾಡತಕ್ಕ ಜನಕ್ಕೆ ಮರದ ಮೇಲಿನ ವಾಸ ಬದುಕಿನ ಒಂದು ಅಂಗವೇ ಆಗಿದೆ. ಅಟ್ಟಣೆಯನ್ನು ಕುರಿತು ಬೇಟೆಯ ಗ್ರಂಥಗಳಲ್ಲಿಯೂ ಹಳ್ಳಿಯ ಜಗಲಿಯ ಮಾತಿನಲ್ಲಿಯೂ ಬೇಕಾದಷ್ಟು ವಿವರ ದೊರೆಯುತ್ತದೆ. ಆದರೆ ಅಷ್ಟೆತ್ತರದ ಆ ಪೀಠಕ್ಕೆ ಮನುಷ್ಯನನ್ನು ಒಯ್ದು ಮುಟ್ಟಿಸುವ ಮೆಟ್ಟಲು ಹೇಗೆ ಹುಟ್ಟಿತು, ಮರಕ್ಕೆ ಬಡಿದ ಗೂಟವಾಗಿದ್ದದ್ದು ಹೆಗಲ ಮೇಲೆ ಹೊತ್ತು ತಿರುಗುವ ವಸ್ತುವಾಗಿ ಹೇಗೆ ಮಾರ್ಪಟ್ಟಿತು ಎಂಬುದನ್ನು ವಿಚಾರಿಸಿದವರು ಕಡಮೆ.

ನನಗೆ ತೋರುವಂತೆ, ಮೆಟ್ಟಲು ನೆಲೆನಿಂತಿರಬೇಕೋ ಸಂಚಾರಿಯಾಗಿರಬೇಕೋ ಎಂಬ ಪ್ರಶ್ನೆಯನ್ನು ತೀರ್ಮಾನಿಸಿದ್ದು ಏರುವವನ ಅನುಕೂಲವಲ್ಲ. ಯಾವ ಪ್ರಾಣಿಯ ಸಲುವಾಗಿ ಅವನು ಮರ ಹತ್ತುತ್ತಿದ್ದನೋ ಆ ಪ್ರಾಣಿಯ ಸ್ವಭಾವವೇ ಅದನ್ನು ತೀರ್ಮಾನಿಸಿತು.

ಮೊದಲು ಜೇನಿನ ವಿಷಯ. ಬಿಳಿಗಿರಿಯ ಪೋಡುಗಳ ಸೋಲಿಗರಿಗೂ, ಗುಂಡ್ಲುಪೇಟೆ ಮತ್ತು ಹೆಗ್ಗಡದೇವನಕೋಟೆಯ ಕಡೆಯ ಹಾಡಿಗಳ ಜೇನುಕುರುಬರಿಗೂ ಹೆಜ್ಜೇನು ಪರಂಪರಾಗತವಾದ ಜೀವನೋಪಾಯ. ತುಡುವೆಯಾಗಲಿ ಕೋಲುಜೇನಾಗಲಿ ಕೈಗೆಟಕುವ ಪೊಟರೆಯಲ್ಲೋ ಪೊದೆಯಲ್ಲೋ ಸಿಕ್ಕೀತು. ಹೆಜ್ಜೇನು ಮಾತ್ರ ಹೆಮ್ಮರಗಳ ಉನ್ನತ ಶಾಖೆಗಳನ್ನೋ ಕಡಿದಾದ ಬಂಡೆಯ ಮುಖವನ್ನೋ ಆರಿಸಿಕೊಂಡು, ಬಯಲಿಗೆ ತೆರೆದಂತೆ ಒಂದೇ ಅಗಲವಾದ ಹುಟ್ಟನ್ನು ತೂಗಬಿಡುತ್ತದೆ. ಹೂವಿನ ಕಾಲ ಮುಗಿಯುತ್ತಲೇ ಹಿಂಡು ಬೇರೆಡೆಗೆ ವಲಸೆ ಹೋಗುವುದಾದರೂ, ಮರುವರ್ಷ ಅವು ಬಹುಮಟ್ಟಿಗೆ ಹಿಂದಿನ ಮರಕ್ಕೇ ಮರಳಿ ಬರುತ್ತವೆ, ಒಂದೇ ಮರದಲ್ಲಿ ಹತ್ತಾರು ಹುಟ್ಟುಗಳು ಜೋಲುವುದೂ ಉಂಟು. ಆದಕಾರಣ ಜೇನು ಇಳಿಸುವವನಿಗೆ ಮರ ಗೊತ್ತಾದದ್ದು, ದಾರಿ ಗೊತ್ತಾದದ್ದು. ಅವನ ತಂದೆಯೂ ಹತ್ತಿದ್ದ ಮರ ಅದಾಗಿರುವ ಸಂಭವವೇ ಹೆಚ್ಚು. ಇಂತಹ ಮರಕ್ಕೆ ಹೊತ್ತು ತರುವ ಮೆಟ್ಟಲೇಕೆ? ಒಳಟೊಳ್ಳಿಲ್ಲದ ಕಿರುಬಿದಿರನ್ನು ಸೀಳಿ ಚೂಪುಮಾಡಿದ ಗೂಟಗಳನ್ನು ಬೊಡ್ಡೆಗೆ ಒಂದರ ಮೇಲೊಂದು ಬಡಿಯುತ್ತ, ಕೆಳಗಿನದರ ಮೇಲೆ ನಿಂತು ಮೇಲಿನದನ್ನು ನೆಡುತ್ತ, ಅವುಗಳ ಹೊರತುದಿಗಳನ್ನೆಲ್ಲ ಒಂದು ನೀಳವಾದ ಗಳಕ್ಕೆ ನಾರಿನಿಂದಲೋ ಹಂಬಿನಿಂದಲೋ ಬಿಗಿದರೆ, ಮರವೇ ಏಣಿಯ ಒಂದು ಕಾಲಾಗಿ ಗಳವೇ ಮತ್ತೊಂದು ಕಾಲಾಗಿ ನಿಲ್ಲುತ್ತದೆ. ಒಂದು ಗೂಟದ ಮೇಲೆ ಬಿದ್ದ ಭಾರ ಗಳದ ಮೂಲಕ ಮಿಕ್ಕವುಗಳಿಗೂ ಹಂಚಿಹೋಗುವುದರಿಂದ ಬೆರಳು ಗಾತ್ರದ ಗೂಟವೂ ಆಳನ್ನು ಹೊರುತ್ತದೆ. ಈ ಉಪಾಯವನ್ನು ನಾನು ಒಂದು ಸರಳವಾದ ಯಂತ್ರವೆಂದೇ ಎಣಿಸುತ್ತೇನೆ.

ಹತ್ತುವುದು ಬಹುಮಟ್ಟಿಗೆ ಕತ್ತಲಲ್ಲಿ. ಹಸಿಯೆಲೆಯನ್ನು ಒಣಹುಲ್ಲಿನೊಡನೆ ಸುತ್ತಿದ ದೊಂದಿಯ ಹೊಗೆಗೆ ಹುಳುಗಳು ಚದರಿ, ಕೆಳಕ್ಕೆ ಉದುರುವ ಕಿಡಿಗಳ ಬೆನ್ನುಹತ್ತಿ ಹೋಗುವಾಗ, ಮೇಲಿರತಕ್ಕವನು ಕೈಯಳತೆಯಿಂದಲೇ ಮುಂದಿನ ಗೂಟವನ್ನು ಅರಿಯಬೇಕು. ಗೂಟ ಗೂಟಗಳ ನಡುವಣ ಅಂತರವು ಒಬ್ಬನ ಮೊಳಕ್ಕೋ ಮಂಡಿಯೆತ್ತರಕ್ಕೋ ಸರಿಯಾಗಿರಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿ; ಕಣ್ಣಿಗೆ ಕಾಣದ ಮೆಟ್ಟಲಿಗೆ ಸಮನಾದ ಅಂತರವೇ ದೀಪ. ನೀಲಗಿರಿಯ ಕಡೆ, ಬಂಡೆಯ ನೆತ್ತಿಯಿಂದ ಬಳ್ಳಿಯ ಏಣಿಯನ್ನು ಇಳಿಬಿಟ್ಟು ಜೇನು ಕೀಳುತ್ತಿದ್ದ ಕುರುಂಬರಲ್ಲಿ, ಮೇಲೆ ನಿಂತು ಏಣಿಯ ಕಟ್ಟನ್ನು ಕಾಯುವ ಹೊಣೆ ಹೆಂಡತಿಯ ಒಡಹುಟ್ಟಿದವನದೇ ಆಗಿತ್ತೆಂದು ಹಿಂದಿನವರು ಬರೆದಿಟ್ಟಿದ್ದಾರೆ. ತಂಗಿಯ ಮಾಂಗಲ್ಯ ಆ ಹಗ್ಗದಲ್ಲಿ ಕಟ್ಟಿಕೊಂಡಿರುವಾಗ ಅದನ್ನು ಭಾವಮೈದುನನಿಗಿಂತ ಎಚ್ಚರದಿಂದ ಕಾಯಬಲ್ಲವರಾರು? ಈಗಿನ ಸುರಕ್ಷಾ ಶಾಸ್ತ್ರ ಹೇಳುವ ಮಾತನ್ನು ಆ ಜನ ನೆಂಟಸ್ತನದಲ್ಲಿಯೇ ಕಟ್ಟಿಟ್ಟಿದ್ದರು.

ಇನ್ನು ಹುಲಿಯ ಕಡೆಗೆ, ಈ ಸೀಮೆಯ ಬೇಟೆಗಾರರ ಕಡೆಗೆ ಬರೋಣ. 1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಸಮೀಪದಲ್ಲಿಯೇ ನೆಲೆಸಿ, 1874ರಲ್ಲಿ ಈ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದನು. ತನ್ನ 13 ವರ್ಷಗಳ ವನಜೀವನವನ್ನು ಕುರಿತು 1878ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಬಿಳಿಗಿರಿಯ ಬೆಟ್ಟಗಳೂ ಅಲ್ಲಿಯ ಸೋಲಿಗರೂ ಕಾಣಿಸಿಕೊಳ್ಳುತ್ತಾರೆ. ಆ ಬೆಟ್ಟದ ಮೇಲೆ ಮೋರಿಸ್ ಮನೆತನದವರು ಕಾಫಿ ತೋಟ ಮಾಡಿಕೊಂಡರು. ಹೊನ್ನಮೇಟಿಯ ರಾಲ್ಫ್ ಮೋರಿಸ್ ಬೇಟೆಗಾರನೆಂತೋ ನಿಸರ್ಗಶೋಧಕನೂ ಅಂತೆಯೇ. ಅವನ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹಿಮಾಲಯಕ್ಕೆ ಹೊರಟ, ಬರಿಯ ಮಹಿಳೆಯರಿಂದಲೇ ಕೂಡಿದ ಮೊದಲ ಆರೋಹಣ ತಂಡದ ಮೂವರಲ್ಲಿ ಒಬ್ಬಳಾದಳೆಂಬುದನ್ನು ನೆನೆದಾಗ, ಆ ಬೆಟ್ಟದ ಬಾಲ್ಯಕ್ಕೂ ಈ ಏರುವ ಧೈರ್ಯಕ್ಕೂ ಏನೋ ಸಂಬಂಧವಿದ್ದೀತೆಂದು ನನಗೆನಿಸುತ್ತದೆ. ಬಂಡೀಪುರವಂತೂ ಮೈಸೂರು ಮಹಾರಾಜರ ಮೃಗಯಾಸ್ಥಾನವಾಗಿದ್ದುದು ಸರ್ವವಿದಿತ.

ಹುಲಿಯ ಬೇಟೆಗೂ ಜೇನಿನ ಬೇಟೆಗೂ ಇರತಕ್ಕ ಮೂಲಭೇದ ಇದು: ಹುಲಿ ತನ್ನ ಮರವನ್ನು ಮೊದಲೇ ತಿಳಿಸುವುದಿಲ್ಲ. ನಿನ್ನೆ ಸಂಜೆ ಎಲ್ಲಿಯೋ ಒಂದು ಹಳ್ಳದ ದಡದಲ್ಲಿ ದನವೊಂದನ್ನು ಮುರಿದು, ಅರ್ಧ ತಿಂದು, ಪೊದೆಯ ಮರೆಗೆ ಎಳೆದಿಟ್ಟು ಹೋದ ವರ್ತಮಾನ ಬೆಳಗ್ಗೆ ಬರುತ್ತದೆ. ಇವತ್ತಿನ ಮುಸ್ಸಂಜೆಗೆ ಅದು ಮರಳಿ ಬಂದೀತು. ಬಂದರೆ ಈ ಒಂದೇ ರಾತ್ರಿ, ಈ ಒಂದೇ ಸ್ಥಳ. ಸಮೀಪದಲ್ಲಿರುವ ಮರ ಎಂಥದ್ದೋ ಅದೇ ಗತಿ. ಅಲ್ಲಿ ಕೊಡಲಿಯಿಂದ ಕೊಂಬೆ ಕಡಿದು ಗೂಟ ಬಡಿಯತೊಡಗಿದರೆ, ಹೊಟ್ಟೆ ತುಂಬಿ ಎರಡು ಕೂಗಳತೆಯ ದೂರದಲ್ಲಿಯೇ ಮಲಗಿರಬಹುದಾದ ಮೃಗ ಎದ್ದು ಹೋಗುತ್ತದೆ, ಮತ್ತೆ ಆ ಕಡೆ ತಲೆಯಿಕ್ಕುವುದಿಲ್ಲ. ಜೇನಿನ ಮರಕ್ಕೆ ವರ್ಷಗಟ್ಟಲೆ ಉಳಿಯುವ ಗೂಟವೇ ಗುಣವಾಗಿದ್ದರೆ, ಹುಲಿಯ ಮರಕ್ಕೆ ಅದೇ ಗೂಟದ ಸದ್ದು ದೋಷವಾಯಿತು. ಸಂಚಾರಿಯಾದ ಅಟ್ಟಣೆಯ ಹುಟ್ಟು ಈ ಇಕ್ಕಟ್ಟಿನಿಂದ. ಬೆಂಗಳೂರಿನ ಕೆನ್ನೆತ್ ಆಂಡರ್ಸನ್ (1910–1974) ಹಗ್ಗದ ಮಂಚದಂತಹ ಅಟ್ಟಣೆಯೊಂದನ್ನು ಜೊತೆಯಲ್ಲಿ ಸಾಗಿಸಿಕೊಂಡು ಹೋಗುತ್ತಿದ್ದನು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಸಂಪುಟಗಳ ಮೂಲಕ ಅವನ ಬೇಟೆಗಳನ್ನು ಕನ್ನಡದಲ್ಲಿ ಓದಿದವರಿಗೆ ಅದು ಪರಿಚಿತ. ಮಂಚದ ನಾಲ್ಕು ಮೂಲೆಗಳನ್ನು ನಾಲ್ಕು ಕೊಂಬೆಗಳಿಗೆ ಹಗ್ಗದಿಂದ ಬಿಗಿದರೆ ಆಯಿತು. ಮೊಳೆಯೂ ಬೇಡ, ಕೊಡಲಿಯೂ ಬೇಡ. ಬೇರೆ ಕಡೆಯಿಂದ ಮುರಿದು ತಂದ ಸೊಪ್ಪನ್ನು, ಮರದ ಎಲೆಗೆ ಹೊಂದುವಂತೆ, ಸುತ್ತ ಸಿಕ್ಕಿಸುವುದೊಂದು ಉಳಿಯುತ್ತಿತ್ತು.

ಮೆಟ್ಟಲಿನ ಆಯ್ಕೆಯೂ ಇದೇ ಜಾಡಿನಲ್ಲಿ ನಡೆಯಿತು. ಹೆಬ್ಬಿದಿರಿನ ಒಂದು ಗಳವನ್ನು ತಂದು, ಗಿಣ್ಣುಗಿಣ್ಣಿಗೆ ಒಡೆದ ಕೊಂಬೆಗಳನ್ನು ಗೇಣುದ್ದ ಉಳಿಸಿ ಕತ್ತರಿಸಿದರೆ ಅದೇ ಒಂಟಿ ಬಿದಿರಿನ ಏಣಿ. ಮಲೆನಾಡಿನಲ್ಲಿ ಮೆಣಸು ಕೊಯ್ಯುವ ಹಲವರು ಇಂದಿಗೂ ಇಂತಹ ಏಣಿಯನ್ನು ನೆಚ್ಚಿದ್ದಾರೆ. ಒಬ್ಬನು ಹೊತ್ತು ನಡೆಯಬಹುದು, ಸದ್ದಿಲ್ಲದೆ ಒರಗಿಸಬಹುದು, ಆಳು ಹತ್ತಿದ ಒಡನೆಯೇ ತೆಗೆದುಕೊಂಡು ಹೋಗಬಹುದು. ಶಿಕಾರಿಯನ್ನು ಮೇಲೆ ಕೂರಿಸಿದ ಜೊತೆಗಾರರು ಏಣಿಯನ್ನು ಹೊತ್ತುಕೊಂಡು, ಬೇಕೆಂದೇ ಗಟ್ಟಿಯಾಗಿ ಮಾತನಾಡುತ್ತ ಊರ ದಾರಿ ಹಿಡಿಯುತ್ತಿದ್ದರು. ಬಂದ ಜನವೆಲ್ಲ ಹೊರಟುಹೋಯಿತೆಂದು ಮೃಗ ನಂಬಬೇಕೆಂಬುದೇ ಉದ್ದೇಶ. ಹೀಗೆ ಕೂತವನಿಗೆ ಬೆಳಗಿನವರೆಗೆ ಇಳಿಯುವ ಮಾರ್ಗವೇ ಇಲ್ಲ. ಕಾಯುತ್ತಿದ್ದದ್ದು ಚಿರತೆಗಾದರೆ ಏಣಿ ತೆಗೆದೂ ಪ್ರಯೋಜನವಿಲ್ಲ, ಅದು ಮರ ಹತ್ತುವುದರಲ್ಲಿ ನಿಪುಣ. ಆಗ ಬೊಡ್ಡೆಯ ಸುತ್ತ ಮುಳ್ಳುಕಂಟಿ ಬಿಗಿಯುವ ವಾಡಿಕೆಯಿತ್ತು. ಹಗ್ಗದ ಏಣಿ ಬಹಳ ಹಗುರವಾದರೂ ಕಾಲಿಟ್ಟೊಡನೆ ಮರದ ಅಡಿಗೆ ಜಾರಿ ತಿರುಚಿಕೊಳ್ಳುವುದು ಅದರ ಹುಟ್ಟುಗುಣ, ಕೈಯಲ್ಲಿ ಕೋವಿಯಿದ್ದವನಿಗೆ ಅದು ಹಿತವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಈ ಅಧ್ಯಾಯ ಮುಗಿಯಿತು, ಮುಗಿದದ್ದು ಒಳ್ಳೆಯದಾಯಿತು. ಮರುವರ್ಷವೇ ಬಂಡೀಪುರವು ಹುಲಿ ಯೋಜನೆಯ ಮೊದಲ ಒಂಬತ್ತು ವನಗಳಲ್ಲಿ ಸೇರಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಸಾಮುದಾಯಿಕ ಹಕ್ಕೂ ದೊರೆಯಿತು. ಹುಲಿಯನ್ನು ನೋಡುವ ಕಣ್ಣೂ ಕೊಂಬೆಯಿಂದ ಕೆಳಗಿಳಿಯಿತು: ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾಗಳನ್ನು ದಾರಿಯ ಇಕ್ಕೆಲದಲ್ಲಿ ತಗ್ಗಿನಲ್ಲಿ ನಿಲ್ಲಿಸಿ, ಪಟ್ಟೆಗಳ ಗುರುತಿನಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು. ಇಂದು ಅಂತಹ ಕ್ಯಾಮೆರಾವನ್ನು ಮರಕ್ಕೆ ಬಿಗಿಯುವುದು ನೈಲಾನಿನ ಒಂದು ಪಟ್ಟಿ. ಇಂಥದೇ ಪಟ್ಟಿ ದೂರದ ಅಮೆರಿಕದಲ್ಲಿ ಮರದ ಮೆಟ್ಟಲಿನ ಸ್ವರೂಪವನ್ನು ಬದಲಾಯಿಸಿದೆ.

ಜಿಂಕೆಯ ಬೇಟೆಗೆ ಅನುಮತಿಯುಳ್ಳ ಆ ದೇಶದಲ್ಲಿ, ಬಿಲ್ಲು ಹಿಡಿದವರು ಹಗುರವಾದ ಪೀಠವನ್ನು ಬೆನ್ನಿಗೆ ಹೊತ್ತು ದಿನಕ್ಕೊಂದು ಮರವನ್ನು ಆರಿಸುತ್ತಾರೆ. ಮೊದಮೊದಲು ಅವರ ಮೆಟ್ಟಲು ತಿರುಪಿನ ಹಲ್ಲುಳ್ಳ ಕಬ್ಬಿಣದ ಗೂಟ. ಕೈಯಿಂದಲೇ ತಿರುಚಿ ಬೊಡ್ಡೆಗೆ ಇಳಿಸುವುದು. ತಿರುಪು ತೊಗಟೆಯನ್ನು ಭೇದಿಸಿ ಜೀವಂತ ಪದರಕ್ಕೆ ಗಾಯಮಾಡುತ್ತದೆ, ಗಾಯದಲ್ಲಿ ಶಿಲೀಂಧ್ರ ಹೊಕ್ಕು ತಿರುಳು ಕೊಳೆಯುವ ಅವಕಾಶವಾಗುತ್ತದೆಂದು ಅಲ್ಲಿಯ ಅನೇಕ ಸಾರ್ವಜನಿಕ ವನಗಳಲ್ಲಿ ಅದನ್ನು ನಿಷೇಧಿಸಿದರು. ತರುವಾಯ ಬಂದದ್ದು ಪಟ್ಟಿಯಿಂದ ಬೊಡ್ಡೆಗೆ ಬಿಗಿಯುವ ಅಲ್ಯೂಮಿನಿಯಮ್ ಮೆಟ್ಟಲು ಮತ್ತು ಎರಡು ಮೂರು ಹೆಜ್ಜೆಗಳುಳ್ಳ ಗಿಡ್ಡ ಏಣಿಯ ತುಂಡುಗಳು. ಅವುಗಳಲ್ಲಿ ಪರೀಕ್ಷಿಸತಕ್ಕ ಗುಣಗಳು ನಮ್ಮ ಹಳಬರಿಗೆ ಅಪರಿಚಿತವಲ್ಲ: ಅತಿ ದಪ್ಪದ ಬೊಡ್ಡೆಯನ್ನೂ ಬಳಸುವಷ್ಟು ಪಟ್ಟಿ ಉದ್ದವಾಗಿರಬೇಕು, ಲೋಹಕ್ಕೆ ಲೋಹ ತಾಗಿ ಸದ್ದಾಗಬಾರದು, ಒದ್ದೆ ತೊಗಟೆಯ ಮೇಲೆ ಪಾದ ಜಾರದಂತೆ ಹೆಜ್ಜೆಗೆ ಹಲ್ಲಿರಬೇಕು, ಮತ್ತು ಮೆಟ್ಟಲಿನ ಸಾಲು ಪೀಠಕ್ಕಿಂತ ಒಂದಿಷ್ಟು ಮೇಲಕ್ಕೆ ಹೋಗಿರಬೇಕು. ಕಡೆಯದು ಮುಖ್ಯ, ಏಕೆಂದರೆ ಬೀಳುವವರಲ್ಲಿ ಬಹಳ ಮಂದಿ ಬೀಳುವುದು ಮೆಟ್ಟಲಿನಿಂದ ಪೀಠಕ್ಕೋ ಪೀಠದಿಂದ ಮೆಟ್ಟಲಿಗೋ ದಾಟುವ ಆ ಒಂದು ಕ್ಷಣದಲ್ಲಿ. ಪೀಠದಿಂದ ಕೆಳಗಿನ ಹೆಜ್ಜೆಗೆ ಕಾಲನ್ನು ತಡಕುವುದಕ್ಕಿಂತ, ಮೇಲಿನ ಹೆಜ್ಜೆಯನ್ನು ಕೈಯಲ್ಲಿ ಹಿಡಿದು ಪೀಠದ ಮೇಲೆ ಪಾದವಿಳಿಸುವುದು ಸುಲಭ.

ಮರವನ್ನು ನೋಡಿ ಮೆಟ್ಟಲನ್ನು ಆರಿಸಬೇಕೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಎಂಜಿನಿನ ಬಲದಿಂದ ಅಡಿಕೆ ಮರವೇರುವ ವಾಹನವನ್ನು ನಿರ್ಮಿಸಿ 2019ರಲ್ಲಿ ನಾಡಿನ ಗಮನ ಸೆಳೆದರು. ನೆಟ್ಟಗೆ, ಕೊಂಬೆಯಿಲ್ಲದೆ, ಒಂದೇ ಸಮ ಗಾತ್ರದಲ್ಲಿ ಬೆಳೆಯುವ ಅಡಿಕೆಗೆ ಅದು ಅತ್ಯುತ್ತಮ; ಗಂಟುಗಂಟಾದ ಹುಣಸೆಗೆ ಸಲ್ಲದು. ತೆಂಗಿನ ಬೊಡ್ಡೆಗೆ ಕಚ್ಚು ಕಡಿದು ಮೆಟ್ಟಲು ಮಾಡುವ ರೂಢಿ ಮಾತ್ರ ನನಗೆ ವ್ಯಥೆಯನ್ನುಂಟುಮಾಡುತ್ತದೆ: ಹುಣಸೆಯೂ ಹೊಂಗೆಯೂ ಗಾಯವನ್ನು ಹೊಸ ತೊಗಟೆಯಿಂದ ನಿಧಾನವಾಗಿ ಮುಚ್ಚಿಕೊಳ್ಳಬಲ್ಲವು, ತೆಂಗಿಗೆ ಆ ಶಕ್ತಿಯಿಲ್ಲ, ಒಮ್ಮೆ ಮಾಡಿದ ಕಚ್ಚು ಮರ ಬದುಕಿರುವಷ್ಟು ಕಾಲವೂ ಹಾಗೆಯೇ ಬಾಯಿ ತೆರೆದಿರುತ್ತದೆ.

ಹಾಗಾದರೆ ಚಂದಕವಾಡಿಯ ಕಾವಲುಗಾರನಿಗೆ ಯಾವ ಮೆಟ್ಟಲು ತಕ್ಕದ್ದು? ಅವನು ಕಾಯುವುದು ಆನೆಗೆ ಮತ್ತು ಕಾಡುಹಂದಿಗೆ. ಕೊಲ್ಲುವುದಕ್ಕಲ್ಲ, ತಮಟೆ ಬಡಿದು, ಬೆಳಕು ಬಿಟ್ಟು, ಕೂಗಿ ಓಡಿಸುವುದಕ್ಕೆ. ಆದ್ದರಿಂದ ಶಿಕಾರಿಯ ಮೌನ ಅವನಿಗೆ ಬೇಕಿಲ್ಲ. ಜೇನಿನವನ ಮರದಂತೆ ಅವನ ಮರವೂ ಗೊತ್ತಾದದ್ದು, ಬಿತ್ತನೆಯಿಂದ ಕೊಯ್ಲಿನವರೆಗೆ ಅದೇ ಮರ. ಆದರೂ ಗೂಟ ಅವನಿಗೆ ಒದಗದು. 9 ಅಡಿ ಎತ್ತರದ ಸಲಗ ಸೊಂಡಿಲನ್ನು ಚಾಚಿದರೆ 15 ಅಡಿಯ ಕೊಂಬೆಯೂ ನಿಲುಕುತ್ತದೆ, ಕೈಗೆ ಸಿಕ್ಕಿದ್ದನ್ನು ಎಳೆದು ನೋಡುವುದು ಆನೆಯ ಸ್ವಭಾವ. ಅಟ್ಟಣೆ 18–20 ಅಡಿಗೆ ಕಡಮೆಯಿರಲಾಗದು, ಮತ್ತು ಹತ್ತಿದ ಮೇಲೆ ಏಣಿಯನ್ನು ತಾನೇ ಮೇಲಕ್ಕೆ ಸೆಳೆದುಕೊಳ್ಳುವಷ್ಟು ಅದು ಹಗುರವಿರಬೇಕು. ಸಂರಕ್ಷಿತ ಅಡವಿಯಿಂದ ಬಿದಿರು ತರುವಂತಿಲ್ಲದ ಕಾರಣ ಹಲವರು ಸರ್ವೆ ಗಳದಲ್ಲಿ ಏಣಿ ಕಟ್ಟುತ್ತಾರೆ. ಅಷ್ಟುದ್ದದ ಸರ್ವೆ ಏಣಿ ಒಬ್ಬನು ಸೆಳೆದುಕೊಳ್ಳುವ ಭಾರವಲ್ಲ. ಹಿತ್ತಿಲಲ್ಲಿ ಬೆಳೆದ ಬಿದಿರು ಸಿಕ್ಕಿದರೆ ಏಣಿಯನ್ನು ಎರಡು ತುಂಡಾಗಿ ಮಾಡಿ, ಸೊಂಡಿಲಿಗೆ ನಿಲುಕದ ಮೇಲಿನ ತುಂಡನ್ನು ಹುರಿಯಿಂದ ಬೊಡ್ಡೆಗೆ ಬಿಗಿದುಬಿಟ್ಟು, ಕೆಳಗಿನದನ್ನು ಮಾತ್ರ ಕೊಕ್ಕೆಹಗ್ಗದಿಂದ ಎತ್ತಿಕೊಳ್ಳುವುದು ಮೇಲು. ಗೂಟದ ಏಣಿಯ ಸ್ಥೈರ್ಯವೂ ಶಿಕಾರಿಯ ಏಣಿಯ ಸಂಚಾರವೂ ಅದರಲ್ಲಿ ಕೂಡಿಬರುತ್ತವೆ. ಹುರಿಯನ್ನು ಬೆಳೆಗೊಮ್ಮೆ ಬಿಚ್ಚಿ ಕಟ್ಟದಿದ್ದರೆ ದಪ್ಪವಾಗುವ ಬೊಡ್ಡೆಯೊಳಕ್ಕೆ ಅದು ಹೂತುಹೋಗಿ ಮರದ ರಸಮಾರ್ಗವನ್ನು ಅಮುಕುತ್ತದೆ, ಬಿಸಿಲು ಮಳೆಗೆ ಹುರಿಯೂ ಜೀರ್ಣವಾಗುತ್ತದೆ. ಇವುಗಳಿಗೆ ಮುಂಚಿತವಾಗಿ ಅವನು ಕೊಳ್ಳತಕ್ಕದ್ದು ಸೊಂಟಪಟ್ಟಿಯೊಡನೆ ತೊಡೆಗಳನ್ನೂ ಹಿಡಿಯುವ ಕವಚ ಮತ್ತು ಮರದ ಸುತ್ತ ಬಳಸಿ ತನ್ನೊಡನೆ ಮೇಲಕ್ಕೆ ಜರುಗಿಸಿಕೊಂಡು ಹೋಗುವ ಒಂದು ಹಗ್ಗ. ನಿದ್ದೆ ಕಣ್ಣಿಗೆ ಬರುವ ನಾಲ್ಕನೆಯ ಜಾವದಲ್ಲಿ, ಅಟ್ಟಣೆಯ ಮೇಲೆ ಕುಳಿತಿರುವಾಗಲೂ, ಅದನ್ನು ಬಿಚ್ಚಬಾರದು.